ಕೈ ಬ್ಯಾಟಿನ ಭಾಗವಲ್ಲ: ಬೇಸ್‌ಬಾಲ್ ಅಂಪೈರ್ ಬಳಿ ವಾದಕ್ಕೆ ಹೊರಟ ಕೋಚ್‌ಗಳಿಗೆ ಒಂದು ಮಾರ್ಗದರ್ಶಿ

ಗದಗ ಕಡೆಯ ಒಂದು ಶಾಲಾ ಮೈದಾನ. ಬೆಳಗಿನಿಂದ ಹಿಡಿದಿದ್ದ ಜಿಟಿಜಿಟಿ ಮಳೆ ಆಗಷ್ಟೇ ನಿಂತಿತ್ತು. ಸುಣ್ಣದ ಗೆರೆ ಅರ್ಧ ಕರಗಿತ್ತು. ಎರೆಮಣ್ಣು ಬೂಟಿಗೆ ಮೆತ್ತಿಕೊಂಡು ಹುಡುಗರಿಗೆ ಹೆಜ್ಜೆ ಕಿತ್ತಿಡುವುದೇ ಕಷ್ಟವಾಗಿತ್ತು. ನಮ್ಮ ಬ್ಯಾಟರ್‌ಗೆ ಎರಡು ಸ್ಟ್ರೈಕ್ (ಬೀಸಿ ತಪ್ಪಿದ, ಇಲ್ಲವೇ ಹೊಡೆಯಬಹುದಾಗಿದ್ದೂ ಬಿಟ್ಟ ಎಸೆತ) ಆಗಿದ್ದವು. ಮುಂದಿನ ಚೆಂಡು ಮೈಯ ಹತ್ತಿರಕ್ಕೆ ಬಂತು, ಹುಡುಗ ಬೀಸಿದ, ಟಪ್ ಎಂದು ಸದ್ದಾಯಿತು, ಚೆಂಡು ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಕಡೆಗೆ ಉರುಳಿತು. ಅವನು ಕೆಸರಿನಲ್ಲಿ ಜಾರುತ್ತ ಏಳುತ್ತ ಫಸ್ಟ್ ಬೇಸ್ ಮುಟ್ಟಿದ. ನಾನು ಚಪ್ಪಾಳೆ ತಟ್ಟುತ್ತಿರುವಾಗಲೇ ಅಂಪೈರ್ ಎರಡೂ ಕೈ ಎತ್ತಿ ಆಟ ನಿಲ್ಲಿಸಿದರು. ಚೆಂಡು ತಗುಲಿದ್ದು ಬ್ಯಾಟಿಗಲ್ಲ, ಬೆರಳಿಗೆ. ಬೀಸಿದ್ದರಿಂದ ಅದು ಸ್ಟ್ರೈಕ್. ಮೂರನೆಯದಾದ್ದರಿಂದ ಔಟ್.

ನಾನು ಓಡಿದೆ. ‘ಸರ್, ಕೈ ಅಂದರೆ ಬ್ಯಾಟೇ ಅಲ್ಲವೇ? ಇಷ್ಟೂ ಗೊತ್ತಿಲ್ಲವೇ?’ ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದೆ. ಅಂಪೈರ್ ಆಗಿ ಬಂದಿದ್ದವರು ಪಕ್ಕದ ತಾಲ್ಲೂಕಿನ ದೈಹಿಕ ಶಿಕ್ಷಣ ಶಿಕ್ಷಕರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ‘ಯಾವ ನಿಯಮದಲ್ಲಿ ಹಾಗಿದೆ ಮಾಸ್ತರರೇ? ತೋರಿಸಿ, ಈಗಲೇ ಬದಲಾಯಿಸುತ್ತೇನೆ’ ಎಂದರು. ತೋರಿಸಲು ನನ್ನ ಬಳಿ ಪುಸ್ತಕವಿರಲಿಲ್ಲ. ಇದ್ದಿದ್ದರೂ ಆ ನಿಯಮ ಅದರಲ್ಲಿ ಸಿಗುತ್ತಿರಲಿಲ್ಲ, ಏಕೆಂದರೆ ಅದು ಇರುವುದು ಕ್ರಿಕೆಟ್ಟಿನಲ್ಲಿ. ಐದು ನಿಮಿಷ ವಾದ ಮಾಡಿ ಸೋತು ಹಿಂತಿರುಗಿದಾಗ, ಹುಡುಗ ಬೆಂಚಿನ ತುದಿಯಲ್ಲಿ ಕುಳಿತು ಊದಿಕೊಂಡ ತೋರುಬೆರಳನ್ನು ನೀರಿನ ಬಾಟಲಿಗೆ ಒತ್ತಿ ಹಿಡಿದಿದ್ದ. ಚೆಂಡು ಎಲ್ಲಿಗೆ ತಗುಲಿತು ಎಂದು ಅವನನ್ನೊಮ್ಮೆ ಕೇಳಿದ್ದರೆ ಸಾಕಿತ್ತು.

ಆ ನಾಚಿಕೆಯಿಂದಲೇ ನಿಯಮ ಓದಲು ಶುರು ಮಾಡಿದೆ, ಮುಂದೆ ಅಂಪೈರ್ ಕೆಲಸಕ್ಕೂ ನಿಂತೆ. ಹೀಗಾಗಿ ಈ ಮಾತುಗಳನ್ನು ಗೆರೆಯ ಎರಡೂ ಕಡೆ ನಿಂತು ಬರೆಯುತ್ತಿದ್ದೇನೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಕೋಚ್‌ಗಳು ಅಂಪೈರ್ ಜೊತೆ ಮಾಡುವ ಜಗಳಗಳಲ್ಲಿ ಹೆಚ್ಚಿನವಕ್ಕೆ ಬೇಸ್‌ಬಾಲ್ ಗೊತ್ತಿಲ್ಲದಿರುವುದು ಕಾರಣವಲ್ಲ. ಕ್ರಿಕೆಟ್ ಮತ್ತು ಕಬಡ್ಡಿ ಅತಿಯಾಗಿ ಗೊತ್ತಿರುವುದೇ ಕಾರಣ. ನಾವು ಆಡಿ ಬೆಳೆದ ಆಟದ ನಿಯಮ ಕಣ್ಣಿನ ಹಿಂದೆ ಕುಳಿತಿರುತ್ತದೆ. ಸಿಟ್ಟು ಬಂದಾಗ ಮೊದಲು ಎದ್ದು ಬರುವುದು ಅದೇ.

ಮೊದಲ ಹೆಜ್ಜೆ: ಮನೆಯಲ್ಲೇ ಮುಗಿಸಬೇಕಾದ ಕೆಲಸ

ಅಮೆರಿಕದ ವೃತ್ತಿಪರ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್‌ನ ಅಧಿಕೃತ ನಿಯಮ ಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಇಡೀ ಪುಸ್ತಕವನ್ನು ಬಾಯಿಪಾಠ ಮಾಡಬೇಕಿಲ್ಲ. ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಐದು ಭಾಗಗಳನ್ನು ಮಾತ್ರ ಮುದ್ರಿಸಿಕೊಳ್ಳಿ. ಬೇಸ್‌ನಿಂದ ಬೇಸ್‌ಗೆ ಓಡುವ ರನ್ನರ್ ಬಗೆಗಿನ 5.06, ಮೂರೂ ಬೇಸ್ ಮುಟ್ಟಿ ಹೋಂ ತಲುಪಿದವನ ರನ್ ಯಾವಾಗ ಎಣಿಕೆಗೆ ಬರುತ್ತದೆ ಎನ್ನುವ 5.08, ಔಟ್ ಮತ್ತು ಅಪೀಲು ಇರುವ 5.09, ಬ್ಯಾಟರ್‌ನ ತಪ್ಪುಗಳೂ ಸರದಿಯೂ ಇರುವ 6.03, ಅಂಪೈರ್ ತೀರ್ಪಿನ ಬಗೆಗಿನ 8.02. ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೇಬಿನಲ್ಲಿಡಿ. ಮಳೆಗಾಲದ ಕ್ರೀಡಾಕೂಟದಲ್ಲಿ ಹಾಗೆಯೇ ಇಟ್ಟ ಕಾಗದ ಮಧ್ಯಾಹ್ನದ ಹೊತ್ತಿಗೆ ಹಿಟ್ಟಾಗಿರುತ್ತದೆ. ನೀವು ಆಡುವ ಪಂದ್ಯಾವಳಿಗೆ ತನ್ನದೇ ನಿಯಮಾವಳಿ ಇದ್ದರೆ ಅಲ್ಲಿ ಅದೇ ಅಂತಿಮ, ಅದರ ಪ್ರತಿಯನ್ನೂ ಕೇಳಿ ಪಡೆಯಿರಿ.

ಪಂದ್ಯಕ್ಕೆ ಮುಂಚೆ ಅಂಪೈರ್ ಇಬ್ಬರೂ ಕೋಚ್‌ಗಳನ್ನು ಹೋಂ ಪ್ಲೇಟ್ (ಬ್ಯಾಟರ್ ನಿಲ್ಲುವ ಜಾಗದ ಫಲಕ) ಬಳಿ ಕರೆಯುತ್ತಾರೆ. ಆಟಗಾರರ ಪಟ್ಟಿ ಕೊಟ್ಟು ಕೈಕುಲುಕಿ ಬರುವ ಶಾಸ್ತ್ರ ಎಂದು ಅದನ್ನು ತಿಳಿಯಬೇಡಿ. ನಮ್ಮ ಮೈದಾನಗಳು ಬೇಸ್‌ಬಾಲ್‌ಗೆಂದು ಮಾಡಿದವಲ್ಲ. ನಡುವೆ ಕ್ರಿಕೆಟ್ ಪಿಚ್ ಇರುತ್ತದೆ, ಒಂದು ಮೂಲೆಯಲ್ಲಿ ವಾಲಿಬಾಲ್ ಕಂಬ, ಇನ್ನೊಂದು ಕಡೆ ಬೇವಿನ ಮರದ ಕೊಂಬೆ ಗೆರೆಯೊಳಕ್ಕೆ ಚಾಚಿಕೊಂಡಿರುತ್ತದೆ. ಚೆಂಡು ಕೊಂಬೆಗೆ ತಗುಲಿ ಬಿದ್ದರೆ ಏನು? ಗಟಾರಕ್ಕೆ ಹೋದರೆ ಎಷ್ಟು ಬೇಸ್? ದನ ಅಡ್ಡ ಬಂದರೆ? ನಗಬೇಡಿ, ದನದ ಪ್ರಶ್ನೆಗೆ ಉತ್ತರವಿಲ್ಲದೆ ಕಾಲು ಗಂಟೆ ಆಟ ನಿಂತದ್ದನ್ನು ಕಂಡಿದ್ದೇನೆ. ಇವನ್ನೆಲ್ಲ ಅಲ್ಲೇ ಕೇಳಿ, ಎದುರಾಳಿ ಕೋಚ್ ಎದುರಿನಲ್ಲೇ ಒಪ್ಪಿಸಿಕೊಳ್ಳಿ. ಆಮೇಲೆ ಎತ್ತಿದರೆ ಅದು ಪ್ರಶ್ನೆಯಾಗಿರುವುದಿಲ್ಲ, ತಕರಾರಾಗಿರುತ್ತದೆ.

ಸಾಫ್ಟ್‌ಬಾಲ್ ತಂಡವನ್ನೂ ನೋಡಿಕೊಳ್ಳುವ ಶಿಕ್ಷಕರಿಗೆ ಒಂದು ಎಚ್ಚರಿಕೆ. ಎರಡೂ ಆಟ ಶಾಲಾ ಕ್ರೀಡಾಕೂಟಗಳಲ್ಲಿವೆ, ಎರಡಕ್ಕೂ ಸಾಮಾನ್ಯವಾಗಿ ಒಬ್ಬರೇ ಕೋಚ್. ಆದರೆ ಸಾಫ್ಟ್‌ಬಾಲ್‌ನಲ್ಲಿ ಪಿಚ್ಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವರು) ಕೈಯಿಂದ ಚೆಂಡು ಬಿಡುವವರೆಗೆ ರನ್ನರ್ ಬೇಸ್ ಬಿಡುವಂತಿಲ್ಲ, ಬೇಸ್‌ಬಾಲ್‌ನಲ್ಲಿ ಬಿಡಬಹುದು. ಅಲ್ಲಿ ಬೇಸ್‌ಗಳ ನಡುವೆ 60 ಅಡಿ, ಇಲ್ಲಿ ಪೂರ್ಣ ಅಳತೆಯ ಮೈದಾನದಲ್ಲಿ 90 ಅಡಿ. ಬೆಳಿಗ್ಗೆ ಹುಡುಗಿಯರ ಸಾಫ್ಟ್‌ಬಾಲ್, ಮಧ್ಯಾಹ್ನ ಹುಡುಗರ ಬೇಸ್‌ಬಾಲ್ ಇದ್ದ ದಿನ ‘ಅವನು ಮೊದಲೇ ಬೇಸ್ ಬಿಟ್ಟ, ಔಟ್ ಕೊಡಿ’ ಎಂಬ ಕೂಗು ಕೇಳದೆ ಇರುವುದಿಲ್ಲ.

ಎರಡನೆಯ ಹೆಜ್ಜೆ: ಕಣ್ಣಿನ ತೀರ್ಪೋ, ಪುಸ್ತಕದ ತೀರ್ಪೋ?

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನಿಡಿ. ತೀರ್ಪು ನಿಮಗೆ ಒಪ್ಪಿಗೆಯಾಗದಾಗ ಎದ್ದು ನಿಲ್ಲುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಅಂಪೈರ್ ತಪ್ಪು ಕಂಡರೇ, ಅಥವಾ ಸರಿಯಾಗಿ ಕಂಡು ತಪ್ಪು ನಿಯಮ ಹಚ್ಚಿದರೇ?

ಹೊಡೆದ ಚೆಂಡು ಫೇರ್ (ಗೆರೆಯೊಳಗೆ) ಅಥವಾ ಫೌಲ್ (ಗೆರೆಯಾಚೆ), ಪಿಚ್ ಅಂದರೆ ಪಿಚ್ಚರ್‌ನ ಎಸೆತ ಸ್ಟ್ರೈಕ್ ಅಥವಾ ಬಾಲ್ (ಹೊಡೆಯಬಹುದಾದ ವಲಯದ ಹೊರಗೆ ಹೋದ, ಬ್ಯಾಟರ್ ಬೀಸದ ಎಸೆತ), ರನ್ನರ್ ಸೇಫ್ ಅಥವಾ ಔಟ್ ಎನ್ನುವುದೆಲ್ಲ ಅಂಪೈರ್ ಕಣ್ಣಿಗೆ ಬಿಟ್ಟದ್ದು. 8.02ನೆಯ ನಿಯಮ ಇವನ್ನು ಅಂತಿಮ ಎನ್ನುತ್ತದೆ, ಆಟಗಾರನಾಗಲಿ ಕೋಚ್ ಆಗಲಿ ಆಕ್ಷೇಪಿಸುವಂತಿಲ್ಲ ಎನ್ನುತ್ತದೆ. ಸ್ಟ್ರೈಕ್ ಮತ್ತು ಬಾಲ್ ವಿಷಯದಲ್ಲಂತೂ ವಾದಿಸಲು ಜಾಗ ಬಿಟ್ಟು ಬಂದರೆ ಎಚ್ಚರಿಕೆ, ಮುಂದುವರಿದರೆ ಮೈದಾನದಿಂದ ಹೊರಗೆ. ಆದರೆ ಅದೇ ನಿಯಮದ ಮುಂದಿನ ಭಾಗ ಕೋಚ್‌ಗೆ ಒಂದು ಬಾಗಿಲು ತೆರೆದಿಟ್ಟಿದೆ: ತೀರ್ಪು ನಿಯಮಕ್ಕೆ ವಿರುದ್ಧವಾಗಿದೆ ಎಂಬ ಸಕಾರಣ ಅನುಮಾನವಿದ್ದರೆ, ಆ ತೀರ್ಪು ಕೊಟ್ಟ ಅಂಪೈರ್ ಬಳಿಗೇ ಹೋಗಿ ಸರಿಪಡಿಸಲು ಕೇಳಬಹುದು.

2010ರ ಜೂನ್ 2ರಂದು ಡೆಟ್ರಾಯಿಟ್‌ನ ಪಿಚ್ಚರ್ ಅರ್ಮಾಂಡೊ ಗಲರಾಗಾ ಸತತ 26 ಬ್ಯಾಟರ್‌ಗಳನ್ನು ಔಟ್ ಮಾಡಿದ್ದರು. 27ನೆಯವನೂ ಔಟಾದರೆ ಒಬ್ಬನೂ ಬೇಸ್ ಮುಟ್ಟದ ಪರಿಪೂರ್ಣ ಪಂದ್ಯ. ಫಸ್ಟ್ ಬೇಸ್‌ನಲ್ಲಿ ಚೆಂಡು ಮೊದಲೇ ಬಂದಿತ್ತು, ಅಂಪೈರ್ ಜಿಮ್ ಜಾಯ್ಸ್ ಮಾತ್ರ ಸೇಫ್ ಎಂದರು. ತಂಡದ ಮ್ಯಾನೇಜರ್ ಬಂದು ವಾದಿಸಿದರು, ಏನೂ ಆಗಲಿಲ್ಲ. ಪಂದ್ಯದ ನಂತರ ವಿಡಿಯೊ ನೋಡಿದ ಜಾಯ್ಸ್ ತಾವು ತಪ್ಪಿದ್ದಾಗಿ ಒಪ್ಪಿಕೊಂಡರು, ಆದರೂ ತೀರ್ಪು ಹಾಗೆಯೇ ಉಳಿಯಿತು. ಮರುದಿನ ಆಟಗಾರರ ಪಟ್ಟಿಯನ್ನು ಅಂಪೈರ್ ಕೈಗೆ ತಂದುಕೊಟ್ಟವರು ಗಲರಾಗಾ ಅವರೇ; ಜಾಯ್ಸ್ ಕಣ್ಣು ಒರೆಸಿಕೊಳ್ಳುತ್ತಿದ್ದರು. 2014ರಿಂದ ಮೇಜರ್ ಲೀಗ್‌ನಲ್ಲಿ ಇಂಥ ತೀರ್ಪುಗಳನ್ನು ವಿಡಿಯೊ ನೋಡಿ ಬದಲಿಸುತ್ತಾರೆ. ನಮ್ಮಲ್ಲಿ ವಿಡಿಯೊ ಎಂದರೆ ಬೇಲಿಯಾಚೆ ನಿಂತ ಯಾರದೋ ಅಪ್ಪನ ಮೊಬೈಲ್. ಅದನ್ನು ಹಿಡಿದು ಅಂಪೈರ್ ಮುಖದ ಮುಂದೆ ಆಡಿಸುವ ಕೋಚ್‌ಗಳಿದ್ದಾರೆ. ಆ ಕೆಲಸ ಮಾಡಬೇಡಿ.

ಒಂದೇ ತೀರ್ಪಿನಲ್ಲಿ ಎರಡೂ ಬೆರೆತಿರುವುದುಂಟು. ಇನ್‌ಫೀಲ್ಡ್ ಫ್ಲೈ ನೋಡಿ. ಫಸ್ಟ್ ಮತ್ತು ಸೆಕೆಂಡ್ ಬೇಸ್‌ನಲ್ಲಿ, ಇಲ್ಲವೇ ಮೂರೂ ಬೇಸ್‌ನಲ್ಲಿ ರನ್ನರ್‌ಗಳಿದ್ದು, ಎರಡು ಔಟ್ ಇನ್ನೂ ಆಗಿರದಿದ್ದಾಗ, ಇನ್‌ಫೀಲ್ಡರ್ (ಬೇಸ್‌ಗಳ ಆಸುಪಾಸಿನ ಫೀಲ್ಡರ್) ಸಹಜ ಪ್ರಯತ್ನದಲ್ಲಿ ಹಿಡಿಯಬಲ್ಲ ಚೆಂಡು ಮೇಲಕ್ಕೆ ಹೋದರೆ, ಅದು ಕೈಗೆ ಬರುವ ಮೊದಲೇ ಬ್ಯಾಟರ್ ಔಟ್. ಬಂಟ್ ಮಾಡಿದ, ಅಂದರೆ ಬೀಸದೆ ಬ್ಯಾಟ್ ಒಡ್ಡಿ ಮೆಲ್ಲಗೆ ತಟ್ಟಿದ ಚೆಂಡಿಗೂ ನೇರ ರಭಸದಿಂದ ಹೋದ ಚೆಂಡಿಗೂ ಇದು ಅನ್ವಯಿಸದು. ಫೀಲ್ಡರ್ ಬೇಕೆಂದೇ ಕ್ಯಾಚ್ ಬಿಟ್ಟು, ಬೇಸ್‌ಗೆ ಅಂಟಿ ನಿಂತ ಇಬ್ಬರನ್ನು ಒಟ್ಟಿಗೆ ಔಟ್ ಮಾಡುವ ಕುಯುಕ್ತಿಯನ್ನು ತಡೆಯಲು ಮಾಡಿದ ನಿಯಮ. ಇಲ್ಲಿ ‘ಫಸ್ಟ್ ಬೇಸ್‌ನಲ್ಲಿ ಒಬ್ಬನೇ ಇದ್ದ, ಇನ್‌ಫೀಲ್ಡ್ ಫ್ಲೈ ಹೇಗಾಗುತ್ತದೆ?’ ಎಂದು ಕೇಳಿದರೆ ಅದು ಪುಸ್ತಕದ ಪ್ರಶ್ನೆ, ನೀವು ಗೆಲ್ಲುತ್ತೀರಿ. ‘ಅದು ಸಹಜ ಪ್ರಯತ್ನವಾಗಿರಲಿಲ್ಲ’ ಎಂದರೆ ಕಣ್ಣಿನ ಮಾತು, ಸೋಲುತ್ತೀರಿ. 2012ರ ಅಕ್ಟೋಬರ್ 5ರಂದು ಅಟ್ಲಾಂಟಾದಲ್ಲಿ ಚೆಂಡು ಲೆಫ್ಟ್ ಫೀಲ್ಡ್‌ನ ಹುಲ್ಲಿನಲ್ಲಿ ಬಹುದೂರ ಬಿದ್ದಾಗ ಅಂಪೈರ್ ಇನ್‌ಫೀಲ್ಡ್ ಫ್ಲೈ ಎಂದರು. ಪ್ರೇಕ್ಷಕರು ಬಾಟಲಿ ಎಸೆದರು, ತಂಡ ಅಧಿಕೃತವಾಗಿ ಪ್ರತಿಭಟಿಸಿತು. ಅದು ಅಂಪೈರ್ ವಿವೇಚನೆಯ ವಿಷಯವೆಂದು ಪ್ರತಿಭಟನೆ ಬಿದ್ದುಹೋಯಿತು. ಇನ್ನೊಂದು ಮಾತು: ಇನ್‌ಫೀಲ್ಡ್ ಫ್ಲೈ ಎಂದ ಕೂಡಲೇ ಆಟ ನಿಲ್ಲುವುದಿಲ್ಲ. ರನ್ನರ್ ಸ್ವಂತ ಜವಾಬ್ದಾರಿಯಲ್ಲಿ ಓಡಬಹುದು. ‘ಆಟ ನಿಂತಿತ್ತು, ಅವನನ್ನು ಹೇಗೆ ಔಟ್ ಮಾಡಿದಿರಿ?’ ಎಂದು ಬರುವ ಕೋಚ್‌ಗೆ ಕೊಡಲು ಉತ್ತರ ಇಷ್ಟೇ.

ಮೂರನೆಯ ಹೆಜ್ಜೆ: ತಲೆಯಿಂದ ಕ್ರಿಕೆಟ್ ಇಳಿಸಿ

ಕೈಯ ಕಥೆ ಹೇಳಿಯಾಯಿತು. ಕ್ರಿಕೆಟ್ಟಿನಲ್ಲಿ ಬ್ಯಾಟ್ ಹಿಡಿದ ಕೈ, ಗ್ಲೌಸ್ ಬ್ಯಾಟಿಗೇ ಸೇರಿದವು. ಗ್ಲೌಸ್ ಸವರಿದ ಚೆಂಡನ್ನು ಕೀಪರ್ ಹಿಡಿದರೆ ಔಟ್. ಬೇಸ್‌ಬಾಲ್‌ನಲ್ಲಿ ಕೈ ಮೈಯ ಭಾಗ. ಬ್ಯಾಟ್ ಬೀಸದೆ ಇದ್ದಾಗ ಸ್ಟ್ರೈಕ್ ವಲಯದ ಹೊರಗಿನ ಚೆಂಡು ಕೈಗೆ ತಗುಲಿದರೆ, ತಪ್ಪಿಸಿಕೊಳ್ಳಲು ಪ್ರಯತ್ನಿಸಿದ್ದ ಬ್ಯಾಟರ್‌ಗೆ ಫಸ್ಟ್ ಬೇಸ್. ಬೀಸಿದ್ದರೆ ಸ್ಟ್ರೈಕ್. ಎರಡರಲ್ಲೂ ಆಟ ಅಲ್ಲಿಗೇ ನಿಲ್ಲುತ್ತದೆ.

ಗೆರೆ ಯಾರದು ಎಂಬ ಜಗಳ ಇದಕ್ಕಿಂತ ಹಳೆಯದು. ಕ್ರಿಕೆಟ್ಟಿನಲ್ಲಿ ಬ್ಯಾಟ್ ಕ್ರೀಸ್ ಗೆರೆಯ ಮೇಲಿದ್ದರೆ ಸಾಲದು, ದಾಟಿರಬೇಕು. ಕಬಡ್ಡಿಯಲ್ಲಿ ಅಂಕಣದ ಹೊರಗಿನ ನೆಲಕ್ಕೆ ಕಾಲು ತಾಗಿತೆಂದರೆ ಔಟ್. ಈ ಎರಡು ಆಟ ಆಡಿದ ಕಣ್ಣಿಗೆ ಗೆರೆ ಎಂದರೆ ಅಪಾಯ. ಬೇಸ್‌ಬಾಲ್‌ನ ಫೌಲ್ ಗೆರೆ ಹೆಸರಿಗೆ ಮಾತ್ರ ಫೌಲ್: ಗೆರೆಯ ಮೇಲೆ ಬಿದ್ದ ಚೆಂಡು ಫೇರ್. ಫಸ್ಟ್ ಮತ್ತು ಥರ್ಡ್ ಬೇಸ್‌ನ ಚೀಲ ಫೇರ್ ನೆಲದಲ್ಲಿದೆ, ಹೋಂ ಪ್ಲೇಟ್ ಕೂಡ ಹಾಗೆಯೇ. ‘ಪ್ಲೇಟಿಗೆ ಬಡಿಯಿತು, ಫೌಲ್’ ಎಂದು ಕೂಗುವವರು ಇನ್ನೂ ಇದ್ದಾರೆ. ಪ್ಲೇಟಿಗೆ ಬಡಿದ ಚೆಂಡು ಮುಂದೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಯಾರು ಮುಟ್ಟುತ್ತಾರೆ ಎಂಬುದರ ಮೇಲೆ ತೀರ್ಪು.

ಸಂಶಯದ ಲಾಭ ಬ್ಯಾಟರ್‌ಗೆ ಎನ್ನುವುದು ಕ್ರಿಕೆಟ್ ನೋಡುವವರಿಗೆಲ್ಲ ವೇದವಾಕ್ಯ. ಬೇಸ್‌ಬಾಲ್‌ನಲ್ಲಿ ಅದರ ರೂಪ ‘ಚೆಂಡು, ರನ್ನರ್ ಒಟ್ಟಿಗೆ ಬಂದರೆ ರನ್ನರ್ ಸೇಫ್’ ಎಂಬ ನಂಬಿಕೆ. ಪುಸ್ತಕದಲ್ಲಿ ‘ಒಟ್ಟಿಗೆ’ ಎಂಬ ಮಾತೇ ಇಲ್ಲ. ತಮಾಷೆಯೆಂದರೆ, ಬ್ಯಾಟರ್ ಫಸ್ಟ್ ಬೇಸ್‌ಗೆ ಓಡುವಾಗ ಚೆಂಡು ಮೊದಲು ಬಂದಿದ್ದರೆ ಔಟ್ ಎಂದು ಒಂದು ಕಡೆ ಬರೆದಿದೆ. ಮುಂದಿನ ಬೇಸ್‌ಗೆ ಓಡಲೇಬೇಕಾದ ರನ್ನರ್ ತಾನೇ ಮೊದಲು ತಲುಪದಿದ್ದರೆ ಔಟ್ ಎಂದು ಇನ್ನೊಂದು ಕಡೆ. ಇದನ್ನು ಹಿಡಿದು ಇಬ್ಬರು ಕೋಚ್‌ಗಳು ಇಡೀ ಸಂಜೆ ಜಗಳವಾಡಬಹುದು. ಅಂಪೈರ್ ಮಾತ್ರ ಯಾವುದು ಮೊದಲು ಎಂದು ನೋಡಿ, ಚೆಂಡು ಗ್ಲೌಸ್‌ಗೆ ಬಿದ್ದ ಸದ್ದು ಕೇಳಿ, ಒಂದನ್ನು ಹೇಳಿ ಮುಗಿಸುತ್ತಾರೆ.

ಅಪೀಲಿನ ವಿಷಯದಲ್ಲಿ ಮಾತ್ರ ಕ್ರಿಕೆಟ್ ತಲೆ ಅರ್ಧ ಉಪಯೋಗಕ್ಕೆ ಬರುತ್ತದೆ. ಕ್ರಿಕೆಟ್ಟಿನಲ್ಲಿ ಯಾರೂ ಕೇಳದಿದ್ದರೆ ಅಂಪೈರ್ ಔಟ್ ಕೊಡುವುದಿಲ್ಲ. ಬೇಸ್‌ಬಾಲ್‌ನಲ್ಲಿ ಹೆಚ್ಚಿನ ಔಟ್‌ಗಳಿಗೆ ಕೇಳುವ ಅಗತ್ಯವಿಲ್ಲ, ಆದರೆ ಕೆಲವಕ್ಕೆ ಕೇಳಲೇಬೇಕು: ರನ್ನರ್ ಬೇಸ್ ಮುಟ್ಟದೆ ಹೋದದ್ದು, ಕ್ಯಾಚ್ ಆಗುವ ಮೊದಲೇ ಬೇಸ್ ಬಿಟ್ಟದ್ದು, ಸರದಿ ತಪ್ಪಿ ಬ್ಯಾಟ್ ಮಾಡಿದ್ದು. ಅಂಪೈರ್ ಕಂಡಿದ್ದರೂ ಸುಮ್ಮನಿರುತ್ತಾರೆ, ಸುಮ್ಮನಿರುವುದು ಅವರ ಕರ್ತವ್ಯ. ಬೇಸ್ ಮುಟ್ಟದ ಬಗ್ಗೆಯಾದರೆ ಬೆಂಚಿನಿಂದ ಕೂಗಿ ಪ್ರಯೋಜನವಿಲ್ಲ. ಆಟ ಚಾಲ್ತಿಯಲ್ಲಿರುವಾಗ ಫೀಲ್ಡರ್ ಚೆಂಡು ಹಿಡಿದು ಆ ಬೇಸ್ ಮುಟ್ಟಿ ಅಂಪೈರ್‌ಗೆ ಹೇಳಬೇಕು. ಮುಂದಿನ ಪಿಚ್ ಬಿತ್ತೆಂದರೆ ಅವಕಾಶ ಹೋಯಿತು. ಇದನ್ನು ನಿಮ್ಮ ಫೀಲ್ಡರ್‌ಗಳಿಗೆ ಅಭ್ಯಾಸದಲ್ಲಿ ಹತ್ತು ಸಲ ಮಾಡಿಸಿ.

ಇನ್ನು ಚಿಕ್ಕಪುಟ್ಟವು. ಫಸ್ಟ್ ಬೇಸ್ ದಾಟಿ ಓಡಿದವನು ಬಲಕ್ಕೇ ತಿರುಗಬೇಕೆಂಬುದು ಸುಳ್ಳು. ಎಡಕ್ಕೆ ತಿರುಗಿದರೂ, ಸೆಕೆಂಡ್ ಕಡೆ ಹೋಗುವ ಪ್ರಯತ್ನ ಮಾಡದೆ ಕೂಡಲೇ ಹಿಂತಿರುಗಿದರೆ ಸೇಫ್. ರನ್ನರ್ ಗೆರೆ ಹಿಡಿದೇ ಓಡಬೇಕೆಂಬುದೂ ಸುಳ್ಳು. ಅವನನ್ನು ಮುಟ್ಟಿ ಔಟ್ ಮಾಡಲು ಫೀಲ್ಡರ್ ಬಂದಾಗ, ಆ ಕ್ಷಣ ಅವನಿದ್ದ ಜಾಗದಿಂದ ಬೇಸ್‌ಗೆ ಎಳೆದ ನೇರ ದಾರಿಯಿಂದ ಮೂರು ಅಡಿಗಿಂತ ಆಚೆ ತಪ್ಪಿಸಿಕೊಂಡರೆ ಮಾತ್ರ ಔಟ್. ಫೀಲ್ಡರ್ ಎಸೆದ ಚೆಂಡು ಗಟಾರ ಸೇರಿದರೆ ‘ಹೋಗುತ್ತಿದ್ದ ಬೇಸ್ ಮತ್ತು ಇನ್ನೊಂದು’ ಎಂಬ ಲೆಕ್ಕವಿಲ್ಲ, ಎರಡು ಬೇಸ್. ಎಲ್ಲಿಂದ ಎಣಿಸಬೇಕೆಂಬುದು ಅದು ಇನ್‌ಫೀಲ್ಡರ್‌ನ ಮೊದಲ ಎಸೆತವೋ ಅಲ್ಲವೋ ಎಂಬುದರ ಮೇಲೆ ನಿಂತಿದೆ. ಮೂರನೆಯ ಸ್ಟ್ರೈಕನ್ನು ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ಕೈಬಿಟ್ಟರೆ, ಫಸ್ಟ್ ಬೇಸ್ ಖಾಲಿಯಿದ್ದರೆ ಅಥವಾ ಎರಡು ಔಟ್ ಆಗಿದ್ದರೆ ಬ್ಯಾಟರ್ ಓಡಬಹುದು.

ಕಬಡ್ಡಿಯಿಂದ ಬರುವ ತಪ್ಪು ಬೇರೆ ಬಗೆಯದು. ಅಡ್ಡ ನಿಂತು ತಡೆಯುವುದೇ ಆ ಆಟದ ಜೀವ. ಹಾವೇರಿ ಕಡೆಯಿಂದ ಬಂದ ಒಬ್ಬ ಗಟ್ಟಿ ಹುಡುಗ ಸೆಕೆಂಡ್ ಬೇಸ್‌ನಲ್ಲಿ ಕಾಲು ಅಗಲಿಸಿ, ರೈಡರ್‌ಗೆ ಕಾಯುವಂತೆ ನಿಂತಿದ್ದ. ಕೈಯಲ್ಲಿ ಚೆಂಡಿಲ್ಲ. ರನ್ನರ್ ಅವನಿಗೆ ಡಿಕ್ಕಿ ಹೊಡೆದು ಬಿದ್ದ, ಆಮೇಲೆ ಚೆಂಡು ಬಂದು ಮುಟ್ಟಿಸಿದರು. ಅಂಪೈರ್ ರನ್ನರ್‌ಗೆ ಬೇಸ್ ಕೊಟ್ಟರು. ‘ಅವನು ತನ್ನ ಜಾಗದಲ್ಲೇ ನಿಂತಿದ್ದನಲ್ಲ!’ ಎಂದು ಕೋಚ್ ಹಾರಾಡಿದರು. ಚೆಂಡು ಕೈಯಲ್ಲಿಲ್ಲದ, ಚೆಂಡು ಹಿಡಿಯುವ ಕೆಲಸದಲ್ಲೂ ಇಲ್ಲದ ಫೀಲ್ಡರ್‌ಗೆ ದಾರಿಯಲ್ಲಿ ಜಾಗವಿಲ್ಲ, ಅದು ಅಡ್ಡಿ. ಬ್ಯಾಟ್ ಮಾಡಿದ ಚೆಂಡನ್ನು ಹಿಡಿಯಲು ಹೋಗುತ್ತಿರುವ ಫೀಲ್ಡರ್‌ನದು ಮಾತ್ರ ಬೇರೆ ಕಥೆ: ಅಲ್ಲಿ ದಾರಿ ಬಿಡಬೇಕಾದವನು ರನ್ನರ್, ಡಿಕ್ಕಿ ಹೊಡೆದರೆ ಅವನೇ ಔಟ್.

ನಾಲ್ಕನೆಯ ಹೆಜ್ಜೆ: ರನ್ ಲೆಕ್ಕವನ್ನು ಮಿರ್ಚಿ ಇಟ್ಟು ಕಲಿಯಿರಿ

ನನಗೆ ಕೈ ನಿಯಮ ಕಲಿಸಿದ ಆ ಹಿರಿಯರೇ ಇದನ್ನೂ ಕಲಿಸಿದರು. ಪಂದ್ಯ ಮುಗಿದ ಮೇಲೆ ಗಾಡಿಯ ಬಳಿ ಗಿರ್ಮಿಟ್ ತಿನ್ನುತ್ತ ನಿಂತಿದ್ದೆವು. ಅವರು ಎಣ್ಣೆ ಹೀರಿದ ಪತ್ರಿಕೆಯ ಮೇಲೆ ನಾಲ್ಕು ಮಿರ್ಚಿ ಬಜ್ಜಿಗಳನ್ನು ನಾಲ್ಕು ಬೇಸ್‌ಗಳಂತೆ ಇಟ್ಟರು, ಶೇಂಗಾ ಕಾಳುಗಳನ್ನು ರನ್ನರ್ ಮಾಡಿದರು.

‘ಒಂದು ಔಟ್ ಆಗಿದೆ. ಫಸ್ಟ್‌ನಲ್ಲಿ ಒಬ್ಬ, ಥರ್ಡ್‌ನಲ್ಲಿ ಒಬ್ಬ. ಬ್ಯಾಟರ್ ಎತ್ತಿ ಹೊಡೆದ, ಸೆಂಟರ್ ಫೀಲ್ಡರ್ ಕ್ಯಾಚ್ ಹಿಡಿದ. ಎರಡು ಔಟ್. ಥರ್ಡ್‌ನವನು ಕ್ಯಾಚ್ ಆದ ಮೇಲೆ ಬೇಸ್ ಬಿಟ್ಟು ಹೋಂ ತಲುಪಿದ. ಫಸ್ಟ್‌ನವನು ಕ್ಯಾಚ್ ಆಗುವ ಮೊದಲೇ ಓಡಿದ್ದ, ಹಿಂತಿರುಗುವಷ್ಟರಲ್ಲಿ ಚೆಂಡು ಫಸ್ಟ್ ಬೇಸ್‌ಗೆ ಬಂತು. ಮೂರು ಔಟ್. ರನ್ ಉಂಟೋ ಇಲ್ಲವೋ?’

ಇಲ್ಲ ಎಂದೆ. ಬೇಸ್ ಮುಟ್ಟಿ ಔಟ್ ಮಾಡಿದ್ದಾರೆ, ಅದು ಫೋರ್ಸ್ ಔಟ್, ಫೋರ್ಸ್ ಔಟ್ ಮೂರನೆಯದಾದರೆ ರನ್ ಇಲ್ಲ ಎಂಬುದು ನನ್ನ ಲೆಕ್ಕ.

ಅವರು ಬ್ಯಾಟರ್ ಕಾಳನ್ನು ಎತ್ತಿ ಬಾಯಿಗೆ ಹಾಕಿಕೊಂಡರು. ‘ಹಿಂದಿನಿಂದ ಬಂದು ನೂಕುವವನೇ ಇಲ್ಲವಲ್ಲ, ಇನ್ನು ಫೋರ್ಸ್ ಎಲ್ಲಿಯದು?’

ಅಷ್ಟೇ ಸೂತ್ರ. ಹಿಂದಿನವನಿಗೆ ಜಾಗ ಮಾಡಿಕೊಡಲು ಮುಂದಕ್ಕೆ ಓಡಲೇಬೇಕಾಗಿ ಬಂದರೆ ಫೋರ್ಸ್. ಕ್ಯಾಚ್ ಆಗಿ ಬ್ಯಾಟರ್ ಔಟಾದ ಮೇಲೆ ನೂಕುವವರಿಲ್ಲ. ಹಾಗಾಗಿ ಫಸ್ಟ್ ಬೇಸ್‌ನಲ್ಲಿ ಮೂರನೆಯ ಔಟ್ ಆಗುವ ಮೊದಲೇ ಇನ್ನೊಬ್ಬ ಹೋಂ ಪ್ಲೇಟ್ ಮುಟ್ಟಿದ್ದರೆ ಆ ರನ್ ಎಣಿಕೆಗೆ ಬರುತ್ತದೆ. ಇದಕ್ಕೆ ಪ್ರತಿಯಾಗಿ, ಎರಡು ಔಟ್ ಇದ್ದಾಗ ನೆಲಕ್ಕೆ ಉರುಳಿದ ಹೊಡೆತಕ್ಕೆ ಥರ್ಡ್‌ನವನು ಹೋಂ ದಾಟಿ ಬಿಟ್ಟರೂ, ಬ್ಯಾಟರ್ ಫಸ್ಟ್ ಬೇಸ್ ಮುಟ್ಟುವ ಮೊದಲೇ ಔಟಾದರೆ ರನ್ ಇಲ್ಲ. ‘ನಮ್ಮವನು ಮೊದಲೇ ದಾಟಿದ್ದ’ ಎಂದು ಗಡಿಯಾರ ತೋರಿಸಿ ಉಪಯೋಗವಿಲ್ಲ.

ಈ ಎರಡು ಸಂದರ್ಭಗಳಲ್ಲಿ ಅಂಪೈರ್‌ಗಳೂ ಎಡವುತ್ತಾರೆ. ಕೋಚ್ ನಿಜವಾಗಿಯೂ ಎದ್ದು ಹೋಗಬೇಕಾದ ಜಾಗ ಇದು, ಏಕೆಂದರೆ ಇಲ್ಲಿ ಪ್ರಶ್ನೆ ಪೂರ್ತಿ ಪುಸ್ತಕದ್ದು.

ಐದನೆಯ ಹೆಜ್ಜೆ: ಸರದಿ ತಪ್ಪಿದಾಗ ಬಾಯಿ ಬಿಡುವ ಸಮಯ

ಆರನೆಯವನ ಸರದಿಯಲ್ಲಿ ಎದುರಾಳಿಯ ಏಳನೆಯವನು ಬಂದು ನಿಂತ ಎಂದುಕೊಳ್ಳಿ. ನೀವು ಗಮನಿಸಿದಿರಿ. ಈಗಲೇ ಕೂಗಿದರೆ ಆರನೆಯವನು ಬಂದು ಅದೇ ಸ್ಟ್ರೈಕ್, ಬಾಲ್ ಲೆಕ್ಕದಲ್ಲಿ ಮುಂದುವರಿಯುತ್ತಾನೆ, ಯಾರಿಗೂ ನಷ್ಟವಿಲ್ಲ. ಏಳನೆಯವನು ಹೊಡೆದು ಸೆಕೆಂಡ್ ಬೇಸ್‌ನಲ್ಲಿ ನಿಂತ ಮೇಲೆ, ಮುಂದಿನ ಪಿಚ್‌ಗೆ ಮೊದಲು ಹೇಳಿದರೆ, ಔಟಾಗುವವನು ಆರನೆಯವನು. ಹೊಡೆದ ಹೊಡೆತ ರದ್ದು. ಮುಂದೆ ಬ್ಯಾಟ್ ಮಾಡಬೇಕಾದವನು ಮತ್ತೆ ಏಳನೆಯವನೇ! ಈ ಜಾಗದಲ್ಲಿ ಇಬ್ಬರೂ ಕೋಚ್‌ಗಳು ಒಟ್ಟಿಗೆ ಅಂಪೈರ್ ಮೇಲೆ ಬೀಳುವುದನ್ನು ನೋಡಿದ್ದೇನೆ. ಒಬ್ಬರಿಗೆ ಹೊಡೆದವನನ್ನೇ ಔಟ್ ಮಾಡಬೇಕಿತ್ತೆಂಬ ಹಟ, ಇನ್ನೊಬ್ಬರಿಗೆ ಬ್ಯಾಟನ್ನೇ ಹಿಡಿಯದ ಹುಡುಗ ಹೇಗೆ ಔಟಾದನೆಂಬ ಸಂಕಟ. ನಡುವೆ ನಿಂತ ಅಂಪೈರ್ ಹೇಳುತ್ತಿದ್ದುದು ಮಾತ್ರ ಅಕ್ಷರಶಃ ಸರಿ. ಮುಂದಿನ ಪಿಚ್ ಬಿದ್ದ ಮೇಲೆ ನೆನಪಾದರೆ ಬಾಯಿ ಮುಚ್ಚಿಕೊಳ್ಳಿ, ತಪ್ಪು ಸರದಿಯೇ ಸರಿಯಾದ ಸರದಿಯಾಗಿಬಿಟ್ಟಿರುತ್ತದೆ.

ಆರನೆಯ ಹೆಜ್ಜೆ: ಹೋಗುವ ರೀತಿ

ಆಟ ಪೂರ್ತಿ ನಿಲ್ಲಲಿ. ರನ್ನರ್‌ಗಳು ಓಡುತ್ತಿರುವಾಗ ಒಳನುಗ್ಗಿದರೆ ನಿಮ್ಮ ಪ್ರಶ್ನೆ ಎಷ್ಟೇ ಸರಿಯಿದ್ದರೂ ನೀವೇ ತಪ್ಪಿತಸ್ಥರು. ‘ಟೈಮ್, ಸರ್’ ಎಂದು ಕೇಳಿ, ಕೊಟ್ಟ ಮೇಲೆ ನಡೆದು ಹೋಗಿ. ಓಡಬೇಡಿ. ನನ್ನ ಅನುಭವದಲ್ಲಿ ಆ 30 ಹೆಜ್ಜೆಗಳಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ತೀರ್ಪು ಕೊಟ್ಟ ಅಂಪೈರ್ ಬಳಿಗೇ ಹೋಗಿ, ಇನ್ನೊಬ್ಬರ ಬಳಿ ಹೋಗಿ ದೂರು ಹೇಳಬೇಡಿ. ಕೇಳದೆ ಇನ್ನೊಬ್ಬರ ತೀರ್ಪಿನಲ್ಲಿ ತಲೆ ಹಾಕುವ ಅಧಿಕಾರ ಅವರಿಗೂ ಇಲ್ಲ. ಒಬ್ಬರೇ ಹೋಗಿ. ಹಿಂದೆ ಹುಡುಗರ ದಂಡು, ಇಬ್ಬರು ಪೋಷಕರು ಬಂದರೆ ಅದು ಪಂಚಾಯಿತಿ.

ಮೊದಲ ಮಾತು ಆರೋಪವಾಗದಿರಲಿ. ‘ನೋಡಿದಿರಾ ಇಲ್ಲವಾ?’ ಎಂದು ಕೇಳಿದರೆ ‘ನೋಡಿದೆ’ ಎಂಬ ಒಂದೇ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯಿತು. ‘ಸರ್, ನೀವು ಏನು ಕಂಡಿರಿ?’ ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಹಿಡಿದುಕೊಳ್ಳಿ: ‘ಅಂದರೆ ಬ್ಯಾಟರ್ ಕ್ಯಾಚ್ ಔಟ್, ಆಮೇಲೆ ಫಸ್ಟ್‌ನವನು ಔಟ್. ಹೋಂ ಮುಟ್ಟಿದ್ದು ಅದಕ್ಕಿಂತ ಮೊದಲು. ಹಾಗಿದ್ದರೆ ಇದು ಫೋರ್ಸ್ ಅಲ್ಲವಲ್ಲ ಸರ್, 5.08 ಒಮ್ಮೆ ನೋಡೋಣವೇ?’ ಅವರಿಗೆ ಅನುಮಾನ ಬಂದಂತೆ ಕಂಡರೆ, ‘ಜೊತೆಯ ಅಂಪೈರರನ್ನು ಒಮ್ಮೆ ಕೇಳುತ್ತೀರಾ?’ ಎಂದು ವಿನಂತಿಸಿ. ಕೇಳುವುದು ಬಿಡುವುದು ಅವರಿಗೆ ಸೇರಿದ್ದು. ಬೆರಳು ತೋರಿಸಬೇಡಿ, ಕೈ ಎಲ್ಲಿಡಬೇಕೆಂದು ತಿಳಿಯದಿದ್ದರೆ ಬೆನ್ನ ಹಿಂದೆ ಕಟ್ಟಿಕೊಳ್ಳಿ, ನಾನು ಹಾಗೆಯೇ ಮಾಡುತ್ತೇನೆ.

ನಮ್ಮ ಪಂದ್ಯಗಳ ಅಂಪೈರ್ ಬೇರೆ ಲೋಕದವರಲ್ಲ. ಇವತ್ತು ಅಂಪೈರ್, ನಾಳೆ ಎದುರಾಳಿ ಕೋಚ್, ಮುಂದಿನ ತಿಂಗಳು ತರಬೇತಿ ಶಿಬಿರದಲ್ಲಿ ಒಂದೇ ಬೆಂಚು. ನಿಮ್ಮ ಕೂಗನ್ನು ಅವರು ಮರೆಯುವುದಿಲ್ಲ, ನಿಮ್ಮ ಹುಡುಗರಂತೂ ಮರೆಯುವುದೇ ಇಲ್ಲ.

ಏಳನೆಯ ಹೆಜ್ಜೆ: ಬರೆದು ಕೊಡುವ ಪ್ರತಿಭಟನೆ

ನಿಯಮವೇ ತಪ್ಪಾಗಿದೆ, ಅಂಪೈರ್ ಒಪ್ಪುತ್ತಿಲ್ಲ ಎಂದಾದರೆ, ಪಂದ್ಯಾವಳಿಯ ನಿಯಮಾವಳಿಯಲ್ಲಿ ಅವಕಾಶವಿದ್ದರೆ, ಪ್ರತಿಭಟನೆಯಡಿ ಆಡುತ್ತಿದ್ದೇವೆ ಎಂದು ಮುಂದಿನ ಪಿಚ್‌ಗೆ ಮೊದಲೇ ಹೇಳಿ. ಇನ್ನಿಂಗ್ಸ್, ಔಟ್ ಸಂಖ್ಯೆ, ರನ್ನರ್‌ಗಳಿದ್ದ ಬೇಸ್, ಸ್ಕೋರ್, ಅಂಪೈರ್ ಆಡಿದ ಮಾತು ಇಷ್ಟನ್ನೂ ಸ್ಕೋರರ್ ಪುಸ್ತಕದಲ್ಲಿ ಬರೆಸಿ. ಎಲ್ಲಿಂದ ಆಟ ಮತ್ತೆ ಶುರುವಾಗಬೇಕು ಎಂಬುದು ಆ ಟಿಪ್ಪಣಿಯಿಂದಲೇ ತೀರ್ಮಾನವಾಗುವುದು.

ಹೀಗೆ ಗೆದ್ದ ಪ್ರತಿಭಟನೆಗೆ ಒಳ್ಳೆಯ ಉದಾಹರಣೆ 1983ರ ಜುಲೈ 24ರದು, ನ್ಯೂಯಾರ್ಕಿನಲ್ಲಿ ನಡೆದದ್ದು. ಕೊನೆಯ ಇನ್ನಿಂಗ್ಸ್‌ನಲ್ಲಿ ಕಾನ್ಸಾಸ್ ಸಿಟಿಯ ಜಾರ್ಜ್ ಬ್ರೆಟ್ ಹೋಂ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ) ಹೊಡೆದು ತಂಡವನ್ನು 5-4ರ ಮುನ್ನಡೆಗೆ ತಂದರು. ಎದುರಾಳಿ ಮ್ಯಾನೇಜರ್ ಬಿಲ್ಲಿ ಮಾರ್ಟಿನ್ ಶಾಂತವಾಗಿ ಬಂದು ಬ್ಯಾಟ್ ಪರೀಕ್ಷಿಸಿ ಎಂದರು. ಹಿಡಿತಕ್ಕೆಂದು ಹಚ್ಚುವ ಪೈನ್ ಮರದ ಅಂಟು ಬ್ಯಾಟಿನ ಹಿಡಿಕೆಯಿಂದ 18 ಅಂಗುಲ ದಾಟುವಂತಿಲ್ಲ ಎಂಬ ನಿಯಮವಿತ್ತು. ಅಂಪೈರ್ ಟಿಮ್ ಮ್ಯಾಕ್‌ಲೆಲಂಡ್ 17 ಅಂಗುಲ ಅಗಲದ ಹೋಂ ಪ್ಲೇಟ್ ಮೇಲೆಯೇ ಬ್ಯಾಟ್ ಇಟ್ಟು ಅಳೆದು ಔಟ್ ಕೊಟ್ಟರು. ಬ್ರೆಟ್ ಬೆಂಚಿನಿಂದ ಕಣ್ಣು ಕೆಂಪಗೆ ಮಾಡಿಕೊಂಡು ನುಗ್ಗಿ ಬಂದ ದೃಶ್ಯವನ್ನು ಜನ ಇಂದಿಗೂ ನೋಡುತ್ತಾರೆ. ಆದರೆ ಪಂದ್ಯ ತಂದುಕೊಟ್ಟದ್ದು ಆ ಓಟವಲ್ಲ, ತಂಡ ಸಲ್ಲಿಸಿದ ಪ್ರತಿಭಟನೆ. ಅಂಥ ಬ್ಯಾಟನ್ನು ಆಟದಿಂದ ತೆಗೆಯಬೇಕಿತ್ತೇ ಹೊರತು ಹೋಂ ರನ್ ರದ್ದು ಮಾಡಬಾರದಿತ್ತೆಂದು ಲೀಗ್ ಅಧ್ಯಕ್ಷರು ತೀರ್ಮಾನಿಸಿದರು. ಆಗಸ್ಟ್ 18ರಂದು ಅಲ್ಲಿಂದಲೇ ಆಟ ಮುಂದುವರಿಸಿದರು, ಕಾನ್ಸಾಸ್ ಸಿಟಿ 5-4ರಿಂದಲೇ ಗೆದ್ದಿತು. ಮಾರ್ಟಿನ್ ಅಂದೂ ಸುಮ್ಮನಿರಲಿಲ್ಲ, ಬ್ರೆಟ್ ಬೇಸ್‌ಗಳನ್ನು ಮುಟ್ಟಿಲ್ಲ ಎಂದು ಅಪೀಲು ಹೂಡಿದರು. ಹಿಡಿದ ಮೊಲಕ್ಕೆ ಮೂರೇ ಕಾಲು! ಎಲ್ಲ ಬೇಸ್ ಮುಟ್ಟಿದ್ದಾರೆ ಎಂದು ಹಿಂದಿನ ಅಂಪೈರ್‌ಗಳು ಸಹಿ ಮಾಡಿಕೊಟ್ಟ ಪ್ರಮಾಣಪತ್ರವನ್ನು ಹೊಸ ಅಂಪೈರ್ ಜೇಬಿನಿಂದ ತೆಗೆದು ತೋರಿಸಿದರು.

ಅಂಪೈರ್ ನಿಮ್ಮ ಮಾತು ಒಪ್ಪಿ ತೀರ್ಪು ಬದಲಿಸಿದರೆ ಚಪ್ಪಾಳೆ ತಟ್ಟಬೇಡಿ, ‘ಧನ್ಯವಾದ ಸರ್’ ಎಂದು ಬೆಂಚಿಗೆ ಬನ್ನಿ. ಈಗ ಎದುರಾಳಿ ಕೋಚ್ ಎದ್ದು ಬರುತ್ತಿರುತ್ತಾರೆ, ಅವರ ಸರದಿ.

ಹೊರಗೆ ಹೋಗಿ ಎಂದರೆ ಹೋಗಿ. ಅಟ್ಲಾಂಟಾ ತಂಡವನ್ನು ದೀರ್ಘಕಾಲ ನಡೆಸಿದ ಬಾಬಿ ಕಾಕ್ಸ್ 150ಕ್ಕೂ ಹೆಚ್ಚು ಸಲ ಹೊರಗೆ ಹೋಗಿ ದಾಖಲೆ ಮಾಡಿದ್ದಾರೆ, ಆದರೆ ಅವರ ಹಿಂದೆ ತಂಡ ನೋಡಿಕೊಳ್ಳಲು ಅರ್ಧ ಡಜನ್ ಕೋಚ್‌ಗಳಿರುತ್ತಿದ್ದರು. ನಿಮ್ಮ ಹಿಂದೆ ಇರುವವರು ಹುಡುಗರ ಜೊತೆ ಬಂದಿರುವ ಗಣಿತದ ಮೇಡಂ ಒಬ್ಬರೇ. ಗೋಡೆಯಾಚೆ ನಿಂತು ಮೊಬೈಲ್‌ನಲ್ಲಿ ಅವರಿಗೆ ಸೂಚನೆ ಕೊಡುವಂತಿಲ್ಲ. ಬ್ಯಾಟಿಂಗ್ ಸರದಿಯ ಪಟ್ಟಿಯ ಇನ್ನೊಂದು ಪ್ರತಿಯನ್ನು ಬೆಳಿಗ್ಗೆ ಬಸ್ಸಿನಲ್ಲೇ ಅವರ ಕೈಗೆ ಕೊಟ್ಟು, ಆರನೆಯವನು ಯಾರು, ಏಳನೆಯವನು ಯಾರು ಎಂದು ಮುಖ ತೋರಿಸಿ ಹೇಳಿಟ್ಟಿರಿ.